ಬಹಮನಿಗಳಿಗಿಂತ ಹಳೆಯ ಕಾಗದ

ಯಾವ ದೇಶದಲ್ಲಿ ಯಾವುದು ಆಡಳಿತ ಭಾಷೆ ಎಂಬುದನ್ನು ಬಾಯಿಪಾಠ ಮಾಡಿಕೊಂಡಿರುವುದು ನಿವೃತ್ತ ಭೂಗೋಳ ಮಾಸ್ತರನಾದ ನನ್ನ ಹಳೆಯ ಚಟ. ಮದುವೆಯ ಪಂಕ್ತಿಯಲ್ಲಿ ಪಕ್ಕದವರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುವಷ್ಟರಲ್ಲಿ ನಾನು ಬ್ರೆಜಿಲ್‌ನಲ್ಲಿ ಪೋರ್ಚುಗೀಸ್, ಅದರ ನೆತ್ತಿಯ ಮೇಲಿರುವ ಸುರಿನಾಮ್‌ನಲ್ಲಿ ಡಚ್, ಆಫ್ರಿಕದ ಈಕ್ವಟೋರಿಯಲ್ ಗಿನಿಯಲ್ಲಿ ಸ್ಪ್ಯಾನಿಷ್ ಎಂದು ಹೇಳಿ ಮುಗಿಸಿರುತ್ತೇನೆ. ಬೊಲಿವಿಯಾದ 2009ರ ಸಂವಿಧಾನವು ಸ್ಪ್ಯಾನಿಷ್ ಜೊತೆಗೆ 36 ಮೂಲನಿವಾಸಿ ಭಾಷೆಗಳಿಗೂ ಆ ಪಟ್ಟ ಕಟ್ಟಿದೆ ಎಂಬಲ್ಲಿಗೆ ಬರುವ ಹೊತ್ತಿಗೆ ಅವರು ಕೈ ತೊಳೆಯಲು ಎದ್ದು ಹೋಗಿರುವುದೂ ಉಂಟು.

ಇಂಥ ಪಂಡಿತನ ಕೈಗೆ ಹೋದ ಬೇಸಿಗೆಯಲ್ಲಿ, ಹೊಲದ ಪಾಲಿನ ಮಾತು ಎದ್ದಾಗ, ಕಲಬುರಗಿಯ ನಮ್ಮ ಮನೆಯ ಅಟ್ಟದ ಟ್ರಂಕಿನಿಂದ ಒಂದು ಕಾಗದ ಬಂದಿತು. ಹಳದಿಗಟ್ಟಿ, ಮಡಿಕೆಗಳಲ್ಲಿ ಹರಿದು, ಒಂದು ಮೂಲೆಯನ್ನು ಇಲಿಗೆ ಬಿಟ್ಟುಕೊಟ್ಟಿದ್ದ ಆ ಕಾಗದದ ತುಂಬ ಉರ್ದು ಕೈಬರಹ, ಕೆಳಗೊಂದು ಮಾಸಿದ ಮೊಹರು. ಉರ್ದು ಪಾಕಿಸ್ತಾನದ ರಾಷ್ಟ್ರಭಾಷೆ, ನೆರೆಯ ತೆಲಂಗಾಣದಲ್ಲಿ ಎರಡನೆಯ ಅಧಿಕೃತ ಭಾಷೆ, ನಿಜಾಮರ ಕಾಲದಲ್ಲಿ ನಮ್ಮ ಜಿಲ್ಲೆಯದೂ ಅದೇ ಎಂದು ನಾನು ಅವ್ವನಿಗೆ ವಿವರಿಸಿದೆ.

“ಅದೆಲ್ಲಾ ಇರಲಿ, ಇದರಾಗ ಏನು ಬರದದ?” ಎಂದಳು ಅವ್ವ.

ನನಗೆ ಒಂದಕ್ಷರವೂ ಗೊತ್ತಿರಲಿಲ್ಲ. ಉರ್ದು ಮಾಧ್ಯಮದಲ್ಲಿ ಕಲಿತಿದ್ದ ಅಪ್ಪ ಇದ್ದಿದ್ದರೆ ಗಡಗಡ ಓದುತ್ತಿದ್ದರು. ಅವರ ನೌಕರಿಯ ಆದೇಶ ಇಂಗ್ಲಿಷಿನಲ್ಲಿದೆ, ನನ್ನ ನಿವೃತ್ತಿಯ ಆದೇಶ ಕನ್ನಡದಲ್ಲಿದೆ. ಒಂದೇ ಟ್ರಂಕಿನೊಳಗೆ ಮೂರು ಸರಕಾರಿ ಭಾಷೆಗಳು ಡಾಂಬರು ಗುಳಿಗೆಯ ವಾಸನೆ ಹಂಚಿಕೊಂಡು ಮಲಗಿದ್ದವು. ತಮ್ಮನ ಮಗ ಕಾಗದದ ಮುಂದೆ ಮೊಬೈಲ್ ಹಿಡಿದ. ಅನುವಾದದ ಆ್ಯಪ್ ಮೊದಲು ಅದನ್ನು ಅರಬ್ಬಿ ಎಂದಿತು, ಮತ್ತೊಮ್ಮೆ ಹಿಡಿದಾಗ ಫಾರಸಿ ಎಂದಿತು, ಮೂರನೆಯ ಸಲ ಮೌನ ವಹಿಸಿತು. ಆಮೇಲೆ ಅವನು ಉರ್ದು ಅಂಕಿಗಳ ಪಟ್ಟಿಯನ್ನು ತೆರೆದು ಹೋಲಿಸಿ ನೋಡಿ, ಮೊದಲು ಮಾಡಿದ ಕೆಲಸವೆಂದರೆ ನಾನು ಅಷ್ಟು ಹೊತ್ತು ತಲೆಕೆಳಗಾಗಿ ಹಿಡಿದಿದ್ದ ಕಾಗದವನ್ನು ತಿರುಗಿಸಿದ್ದು. ಎರಡನೆಯದಾಗಿ, “ದೊಡ್ಡಪ್ಪಾ, ಇಸವಿ 1340 ಅದ!” ಎಂದು ಕೂಗಿದ್ದು.

ಗುಲ್ಬರ್ಗವನ್ನು ರಾಜಧಾನಿ ಮಾಡಿಕೊಂಡ ಬಹಮನಿ ರಾಜ್ಯ ಹುಟ್ಟಿದ್ದೇ 1347ರಲ್ಲಿ. ಅದಕ್ಕಿಂತ ಏಳು ವರ್ಷ ಮೊದಲೇ ನಮ್ಮ ಮನೆತನಕ್ಕೆ ಯಾರೋ ಜಮೀನು ಬರೆದುಕೊಟ್ಟಿದ್ದಾರೆ ಎಂಬ ಸುದ್ದಿ ಸಂಜೆಯೊಳಗಾಗಿ ಸೇಡಂನಿಂದ ಸೊಲ್ಲಾಪುರದವರೆಗಿನ ನೆಂಟರಿಗೆಲ್ಲ ಮುಟ್ಟಿತು. ಮುಟ್ಟಿಸಿದವನು ನಾನೇ. ಆ ಕಾಲಕ್ಕೆ ಉರ್ದುವಿನಲ್ಲಿ ಆಡಳಿತವೇ ಇರಲಿಲ್ಲ, ನಿಜಾಮರ ಕಚೇರಿಗಳಲ್ಲಿ ಫಾರಸಿಯನ್ನು ಸರಿಸಿ ಅದು ಬಂದದ್ದೇ 19ನೆಯ ಶತಮಾನದ ಕೊನೆಯ ಭಾಗದಲ್ಲಿ ಎಂಬ ಸಂಗತಿ ನನಗೆ ಚೆನ್ನಾಗಿ ತಿಳಿದಿದ್ದರೂ, ಆ ಸಂಜೆ ಅದು ನನ್ನ ತಲೆಯ ಬಳಿ ಸುಳಿಯಲಿಲ್ಲ. ಮರುದಿನ ಕಾಗದಕ್ಕೆ ಗಾಜಿನ ಚೌಕಟ್ಟು ಹಾಕಿಸಲು ಮುಂಗಡವನ್ನೂ ಕೊಟ್ಟೆ.

ಚೌಕಟ್ಟಿನ ಅಂಗಡಿಯವನೇ ಹಳೆಯ ದಸ್ತಾವೇಜು ಓದುವ ಒಬ್ಬ ಚಾಚಾರ ಬಳಿಗೆ ಕಳಿಸಿದ. ಅವರು ಕನ್ನಡಕ ಒರೆಸಿಕೊಂಡು, ಅರ್ಧ ಕಪ್ಪು ಚಹಾ ಮುಗಿಯುವವರೆಗೆ ಕಾಗದವನ್ನು ನೋಡಿ ನಕ್ಕರು.

“ಮಾಸ್ತರ್ರೇ, ಇದು ಫಸಲಿ ವರ್ಷ, ನಿಜಾಮರ ಕಂದಾಯದ ಲೆಕ್ಕ. ಇಸವಿ ಬೇಕಂದ್ರ 590 ಕೂಡಿಸ್ರಿ.”

ಕೂಡಿಸಿದೆ. ಬಹಮನಿಗಳೆಲ್ಲ ಒಮ್ಮೆಗೇ ಬಂದುಹೋಗಿ, 1930ನೆಯ ಇಸವಿ ನನ್ನ ಮುಂದೆ ನಿಂತಿತು.

ಚಾಚಾ ಗಟ್ಟಿಯಾಗಿ ಓದತೊಡಗಿದಾಗ ಇನ್ನೊಂದು ಆಶ್ಚರ್ಯ ಕಾದಿತ್ತು. ಕಣ್ಣಿಗೆ ಒಂದಕ್ಷರವನ್ನೂ ಬಿಟ್ಟುಕೊಡದಿದ್ದ ಕಾಗದ ಕಿವಿಗೆ ಮುಕ್ಕಾಲು ಪಾಲು ತಿಳಿಯುತ್ತಿತ್ತು. ಮಾಲಕ, ದಾಖಲ, ಜುರ್ಮಾನಾ, ವಸೂಲ, ರಸೀದ. ಇವೆಲ್ಲವೂ ತಹಸೀಲ ಕಚೇರಿಯಲ್ಲಿ ನಾನು ದಿನವೂ ಕನ್ನಡವೆಂದೇ ಆಡುವ ಮಾತುಗಳು. ನಡುವೆ ‘ಭೈಂಸ್’ ಎಂಬ ಶಬ್ದ ಮಾತ್ರ ಎರಡು ಸಲ ಬಂದದ್ದು ಕೇಳಿ ಎದೆ ಧಸಕ್ಕೆಂದಿತು. ಜಮೀನಿನ ಸನದಿನಲ್ಲಿ ಎಮ್ಮೆಗೇನು ಕೆಲಸ?

ಅದು ಸನದು ಆಗಿರಲಿಲ್ಲ. ನಮ್ಮ ಮುತ್ತಜ್ಜನ ಎಮ್ಮೆ ಯಾರದೋ ಜೋಳದ ಹೊಲಕ್ಕೆ ನುಗ್ಗಿ ಕೊಂಡವಾಡ ಸೇರಿತ್ತು. ಅದರ ದಂಡವಾಗಿ ಅವನು ನಿಜಾಮರ ನಾಣ್ಯವಾದ ಹಾಲಿ ಸಿಕ್ಕಾದಲ್ಲಿ ಒಂದು ರೂಪಾಯಿ ನಾಲ್ಕಾಣೆ ಕಟ್ಟಿದ್ದಕ್ಕೆ ಕೊಟ್ಟ ರಸೀದಿ ಅದು.

ಮನೆಗೆ ಬಂದು ವಿಷಯವನ್ನು ತಗ್ಗಿದ ದನಿಯಲ್ಲಿ ಅವ್ವನಿಗೆ ಒಪ್ಪಿಸಿದೆ. ಅವಳಿಗೆ ಬಹಮನಿಗಳು ಹೋದ ದುಃಖವೇನೂ ಇದ್ದಂತೆ ಕಾಣಲಿಲ್ಲ. “ರೊಕ್ಕ ಕಟ್ಟಿದ್ದು ಖರೆ, ಎಮ್ಮಿ ಮನಿಗಿ ಬಂತೋ ಇಲ್ಲೋ?” ಎಂದು ಕೇಳಿದಳು.

ಮತ್ತೆ ಚಾಚಾರ ಬಳಿಗೆ ಹೋದೆ. ಅವರು ಕಾಗದವನ್ನು ಮಗುಚಿ, ಬೆನ್ನ ಮೇಲೆ ಕುಲಕರ್ಣಿ ಬರೆದಿದ್ದ ಎರಡು ಸಾಲುಗಳನ್ನು ಬೆಳಕಿಗೆ ಹಿಡಿದು ತಲೆ ಅಲ್ಲಾಡಿಸಿದರು.

“ಅದು ಇಲ್ಲೇ ಇರಬೇಕ್ರಿ. ಆದ್ರ ಇದು ಉರ್ದು ಅಲ್ಲ, ಮರಾಠಿಯ ಹಳೇ ಲಿಪಿ, ಮೋಡಿ. ಮೋಡಿ ಓದೋರನ್ನ ಬ್ಯಾರೆ ಹುಡುಕ್ರಿ.”