ಚಾವಡಿಯ ಕಾಶಿ

ಕಾಸರಗೋಡಿನ ಬದಿಯಡ್ಕದ ಹತ್ತಿರ ನಮ್ಮ ಹಳೇ ಮನೆ. ಅದರ ಚಾವಡಿಯಲ್ಲಿ ಒಂದು ಎಣ್ಣೆಬಣ್ಣದ ಚಿತ್ರ ಇದೆ. ದೊಡ್ಡ ಹೊಳೆ, ದಡದಲ್ಲಿ ಒತ್ತೊತ್ತಾಗಿ ಮನೆಗಳು, ಎತ್ತರದಲ್ಲಿ ಎರಡು ಚೂಪು ಗೋಪುರ, ಹೊಳೆಗೆ ಅಡ್ಡ ಸೇತುವೆ. ಮುತ್ತಜ್ಜ ಮಂಗಳೂರಿಗೆ ಹಂಚು ತರಲು ಹೋದವರು ಹಂಚಿನ ಜೊತೆ ಇದನ್ನೂ ಗಾಡಿಗೆ ಹಾಕಿಕೊಂಡು ಬಂದರಂತೆ. ಯಾವ ಊರು ಅಂತ ಯಾರೂ ಕೇಳಲಿಲ್ಲ. ಹೊಳೆ ಉಂಟು, ಗೋಪುರ ಉಂಟು. ಮತ್ತೆಂತ, ಕಾಶಿಯೇ.

ಅಜ್ಜಿ ದಿನಾ ಅದಕ್ಕೊಂದು ದಾಸವಾಳ ಸಿಕ್ಕಿಸಿ, ಗೋಪುರಕ್ಕೆ ಕುಂಕುಮ ಹಚ್ಚುತ್ತಿದ್ದರು. ಅವರ ನಂತರ ಅಮ್ಮ. ಸೇತುವೆ ಮಾತ್ರ ಅರ್ಧ ಕಲ್ಲಿನದು, ಅರ್ಧ ಮರದ್ದು. "ಕಂಟ್ರಾಕ್ಟರ್ ದುಡ್ಡು ತಿಂದದ್ದು" ಅಂತ ಅಜ್ಜ ಬಂದವರಿಗೆಲ್ಲ ವಿವರಿಸುತ್ತಿದ್ದರು. ಮುಂದೆ ಅಮ್ಮ ನಿಜವಾದ ಕಾಶಿಗೂ ಹೋಗಿ ಬಂದರು. ಗಂಗೆಯ ತಂಬಿಗೆ ಇಳಿಸಿ, ಚಿತ್ರದ ಮುಂದೆ ನಿಂತು, "ಎಷ್ಟು ಹಾಳು ಮಾಡಿ ಹಾಕಿದ್ದಾರೆ ಮಾರಾಯ, ಈಗ ಒಂಚೂರೂ ಈ ಹಾಗಿಲ್ಲ" ಅಂದರು.

ಎಲ್ಲ ಸರಿಯಾಗಿಯೇ ಇತ್ತು. ಕೆಡಿಸಿದ್ದು ನಾನು. ಹಳೇ ಚಿತ್ರಕ್ಕೆ ಲಕ್ಷಗಟ್ಟಲೆ ಬೆಲೆ ಅಂತ ಎಲ್ಲೋ ಓದಿದೆ. ಬಟಾಟೆ ಹೋಳಿನಿಂದ ಉಜ್ಜಿದರೆ ಕೊಳೆ ಹೋಗುತ್ತದೆ ಅಂತ ಇನ್ನೆಲ್ಲೋ ಓದಿದೆ. ಅಮ್ಮ ಮಧೂರು ದೇವಸ್ಥಾನಕ್ಕೆ ಹೋದ ಹೊತ್ತು ನೋಡಿ ಶುರು ಮಾಡಿದೆ. ಎರಡು ತಲೆಮಾರಿನ ಕುಂಕುಮ ಬಟಾಟೆ ರಸದಲ್ಲಿ ಕರಗಿ ಆಕಾಶದ ತುಂಬ ಹರಡಿತು. ಸೂರ್ಯಾಸ್ತ ಅಂತ ಸಮಾಧಾನ ಮಾಡಿಕೊಳ್ಳೋಣ ಅಂದರೆ ಚಿತ್ರದಲ್ಲಿ ಬಿದ್ದ ನೆರಳೆಲ್ಲ ನಡುಮಧ್ಯಾಹ್ನದ್ದು.

ಹೆದರಿ ಕಟ್ಟು ಬಿಚ್ಚಿದೆ. ಹಿಂದೆ ಮರದ ಪಟ್ಟಿಯ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ, ಮಸಿಯಲ್ಲಿ: ಬಾಸೆಲ್.

ಸ್ವಿಟ್ಜರ್‌ಲ್ಯಾಂಡಿನ ಊರು. ಹೊಳೆ ರೈನ್. ಗೋಪುರ ಅಲ್ಲಿನ ದೊಡ್ಡ ಚರ್ಚಿನದು. ಅದನ್ನು ಕಟ್ಟಿದ್ದು ಕೆಂಪು ಮರಳುಗಲ್ಲಿನಲ್ಲಿ, ಹಾಗಾಗಿ ಅಜ್ಜಿಯ ಕುಂಕುಮ ತೀರಾ ತಪ್ಪೇನಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರ ಊರು ಇದೇ. 1865ರಲ್ಲಿ ಹಂಚಿನ ಕಾರ್ಖಾನೆ ಹಾಕಿದ್ದೂ ಅವರೇ. ಮುತ್ತಜ್ಜನ ಗಾಡಿಯಲ್ಲಿ ಹಂಚಿನ ಜೊತೆ ಚಿತ್ರ ಯಾಕೆ ಬಂತು ಅಂತ ಆಗ ಹೊಳೆಯಿತು. ಕಂಟ್ರಾಕ್ಟರೂ ಪಾಪ, ನಿರಪರಾಧಿ. ಒಂದು ಬದಿಯಲ್ಲಿ ನೀರು ಆಳ, ಸೆಳೆತ ಜಾಸ್ತಿ, ಅದಕ್ಕೇ ಆ ಬದಿಗೆ ಮರದ ಕಂಬ. 1905ರಲ್ಲಿ ಅದರ ಜಾಗಕ್ಕೆ ಪೂರ್ತಿ ಕಲ್ಲಿನ ಸೇತುವೆ ಬಂತು.

ಸಂಜೆ ಮೆಲ್ಲಗೆ ಹೇಳಿದೆ, "ಅಮ್ಮ, ಇದು ಕಾಶಿ ಅಲ್ಲ. ಸ್ವಿಟ್ಜರ್‌ಲ್ಯಾಂಡಂತೆ."

ಅಮ್ಮ ಬೀಸಣಿಗೆ ನಿಲ್ಲಿಸಲಿಲ್ಲ. "ಈ ಮನೆ ಮದ್ರಾಸಿನಲ್ಲಿತ್ತು. 1956ರಲ್ಲಿ ಒಂದು ಬೆಳಿಗ್ಗೆ ಏಳುವಾಗ ಕೇರಳದಲ್ಲಿತ್ತು. ಮನೆ ಏನಾದರೂ ಕದಲಿತ್ತಾ?"

ಇದಕ್ಕೆ ಕಾಸರಗೋಡಿನವನು ಏನು ಉತ್ತರ ಕೊಡುವುದು?

ಆಮೇಲೆ ಆಟಿಯ ಮಳೆ ಹಿಡಿಯಿತು. ಒಂದು ಬೆಳಿಗ್ಗೆ ನೋಡುತ್ತೇನೆ, ಗೋಪುರದಿಂದ ಸೇತುವೆವರೆಗೆ ಬೆಳ್ಳಗೆ ಬೂಸ್ಟು. ಹಳೇ ಚಿತ್ರಗಳ ವಿಷಯ ತಿಳಿದವರೊಬ್ಬರಿಗೆ ಫೋನ್ ಮಾಡಿದೆ. ಬಟಾಟೆ ಅಂದ ಕೂಡಲೇ ಅವರು ಒಂದು ಕ್ಷಣ ಸುಮ್ಮನಾದರು. ಬಣ್ಣದ ಬಿರುಕಿನೊಳಗೆ ಬಟಾಟೆಯ ಹಿಟ್ಟು ಕೂತಿದೆ, ಬೂಸ್ಟಿಗೆ ಅದೇ ಊಟ ಅಂದರು. ಎಷ್ಟು ಬೆಲೆ ಬರಬಹುದು ಅಂತ ಕೇಳಿದೆ. "ಉಜ್ಜುವ ಮೊದಲಾ, ಆಮೇಲಾ?" ಅಂದರು. ಫೋನ್ ಇಟ್ಟೆ.

ಅಮ್ಮ ಮಾತ್ರ ಕನ್ನಡಕ ಏರಿಸಿ ಹತ್ತಿರ ಹೋಗಿ ನೋಡಿದರು. "ನೀನು ಹೇಳಿದ್ದು ಸರಿ ಇರಬಹುದು. ಹಿಮ ಬಿದ್ದಿದೆ."

ದಾಸವಾಳ ನಿಂತಿಲ್ಲ. ಈಗ ಸೇತುವೆಯ ಹತ್ತಿರ ಸಿಕ್ಕಿಸುತ್ತಾರೆ. ಗೋಪುರಕ್ಕೆ ಕುಂಕುಮ ಹಚ್ಚಿದರೆ ಬಟಾಟೆಯ ಎಂಜಲು ತಾಗುತ್ತದಂತೆ.