ಸತ್ತವರ ಮನೆಗೆ ಬರೆದ ಕಾಗದವನ್ನು ನಾವು ಓದಬಹುದಾ?

ಪರ: ಓದಬೇಕು, ಇಲ್ಲದಿದ್ದರೆ ಆ ಹುಡುಗನ ನೆನಪು ಉಳಿಯುತ್ತಿರಲಿಲ್ಲ

ಹತ್ತೊಂಬತ್ತನೇ ಶತಮಾನದ ಅಮೆರಿಕದಲ್ಲಿ ಮನೆಗೆ ಕಪ್ಪು ಅಂಚಿನ ಲಕೋಟೆ ಬಂದರೆ ಒಡೆಯುವ ಮೊದಲೇ ಎದೆ ಧಸಕ್ ಅನ್ನುತ್ತಿತ್ತು. ಯಾರೋ ಹೋದರು ಅಂತ ಆ ಅಂಚೇ ಹೇಳುತ್ತಿತ್ತು. ಅಂಥ ಕಾಲದ ಒಂದು ಕಾಗದದ ವಿಷಯ ಹೇಳುತ್ತೇನೆ.

1863ರ ಆಗಸ್ಟ್ 10. ಅಲ್ಲಿ ಅಂತರ್ಯುದ್ಧ ನಡೆಯುತ್ತಿತ್ತು. ಕವಿ ವಾಲ್ಟ್ ವಿಟ್ಮನ್ ವಾಷಿಂಗ್ಟನ್‌ನ ಮಿಲಿಟರಿ ಆಸ್ಪತ್ರೆಗಳಲ್ಲಿ ಗಾಯಾಳುಗಳ ಪಕ್ಕ ಕೂತು ದಿನ ಕಳೆಯುತ್ತಿದ್ದರು. ಅಲ್ಲಿ ಟೈಫಾಯ್ಡ್‌ನಿಂದ ತೀರಿಕೊಂಡ ಇರಾಸ್ಟಸ್ ಹ್ಯಾಸ್ಕೆಲ್ ಎಂಬ ನ್ಯೂಯಾರ್ಕಿನ ಸೈನಿಕನ ಅಪ್ಪ ಅಮ್ಮನಿಗೆ ಅವತ್ತು ಅವರು ಬರೆದರು. ಅವರ ಮುಖವನ್ನೇ ಕಂಡವರಲ್ಲ. ಎರಡು ಸಾಲು ಗೀಚಿ ಮುಗಿಸಬಹುದಿತ್ತು. ಹಾಗೆ ಮಾಡಲಿಲ್ಲ. ಮಗನ ಕೊನೆಯ ದಿನಗಳು ಹೇಗಿದ್ದವು ಅಂತ ಬಿಡಿಸಿ ಹೇಳಿದರು. ಹಾಸಿಗೆ ಪಕ್ಕದಲ್ಲಿ ಅವನ ಪುಟ್ಟ ಕೊಳಲು ಇರುತ್ತಿತ್ತು. ಹುಷಾರಾದ ಮೇಲೆ ನಿಮಗೊಂದು ಹಾಡು ನುಡಿಸ್ತೀನಿ, ಆದ್ರೆ ನಂಗೆ ಇನ್ನೂ ಅಷ್ಟು ಚೆನ್ನಾಗಿ ಬರಲ್ಲ ಅಂದಿದ್ದನಂತೆ.

ಆ ತಾಯಿಗೆ ಇದಕ್ಕಿಂತ ಜಾಸ್ತಿ ಇನ್ನೇನು ಬೇಕಿತ್ತು ಹೇಳಿ? ಸಾವಿನ ಮನೆಗೆ ಹೋದಾಗ ನನಗೆ ಮಾತೇ ಹೊರಡುವುದಿಲ್ಲ. ಸಮಾಧಾನ ಹೇಳುವುದೆಂದರೆ ಉಪದೇಶ ಮಾಡುವುದಲ್ಲ, ಹೋದವರ ಬಗ್ಗೆ ಕಂಡ ಒಂದು ವಿಷಯ ಹೇಳುವುದು ಅಂತ ನನಗೆ ತಿಳಿದದ್ದು ಈ ಕಾಗದದಿಂದಲೇ.

ಇನ್ನೊಂದು ಮಾತು. ದಾಖಲೆಯಾಗಲಿ ಹೆಸರಾಗಲಿ ಇಲ್ಲದೆ ಹೋದ ಸಾವಿರಾರು ಹುಡುಗರಲ್ಲಿ ಇವನೂ ಒಬ್ಬ ಅಂತ ವಿಟ್ಮನ್ ಅದರಲ್ಲೇ ಬರೆದಿದ್ದಾರೆ. ಅವನ ನೆನಪಿಗೆ ಏನಾದರೂ ಮಾಡಬೇಕು ಅಂತಲೇ ಬರೆಯುತ್ತಿದ್ದೇನೆ ಅಂದಿದ್ದಾರೆ. ಆ ಕಾಗದವನ್ನು ಪೆಟ್ಟಿಗೆಯಲ್ಲಿ ಮುಚ್ಚಿಟ್ಟರೆ ಅವನನ್ನು ಎರಡನೇ ಸಲ ಹೂತ ಹಾಗೆ ಅಲ್ವಾ?

ವಿರೋಧ: ಆ ಲಕೋಟೆಯ ಮೇಲೆ ನಮ್ಮ ಹೆಸರಿಲ್ಲ

ವಿಟ್ಮನ್ ಕಾಗದದ ವಿಷಯ ಒಪ್ಪುತ್ತೇನೆ. ಆದರೆ ಅದು ಅಪರಿಚಿತರಿಗೆ ಬರೆದದ್ದು, ಎಲ್ಲವನ್ನೂ ಬಿಡಿಸಿ ಹೇಳಲೇಬೇಕಿತ್ತು. ಹತ್ತಿರದವರ ನಡುವಿನ ಕಾಗದ ಹಾಗಿರುವುದಿಲ್ಲ.

ಅಮೆರಿಕದ ಕಾನ್ಕರ್ಡ್ ಊರಿನ ಲೇಖಕ ಹೆನ್ರಿ ಥೋರೋ ಮತ್ತು ಅವರ ಅಣ್ಣ ಜಾನ್ ಇಬ್ಬರೂ ಮೇಷ್ಟ್ರುಗಳು, ಒಟ್ಟಿಗೆ ಶಾಲೆ ನಡೆಸಿದವರು. 1842ರ ಹೊಸ ವರ್ಷದ ದಿನ ಜಾನ್‌ಗೆ ಕ್ಷೌರದ ಕತ್ತಿ ತಾಗಿ ಬೆರಳಿಗೆ ಸಣ್ಣ ಗಾಯವಾಯಿತು. ಅದು ಧನುರ್ವಾಯುವಿಗೆ ತಿರುಗಿತು. ಜನವರಿ 11ಕ್ಕೆ ತಮ್ಮನ ತೋಳಿನಲ್ಲೇ ಜೀವ ಬಿಟ್ಟರು. ಕೆಲವೇ ದಿನದಲ್ಲಿ, ಗಾಯವೇ ಇಲ್ಲದ ಹೆನ್ರಿಗೂ ಅದೇ ಲಕ್ಷಣ ಕಾಣಿಸಿಕೊಂಡಿತು. 27ಕ್ಕೆ ಹೆನ್ರಿಯ ಗೆಳೆಯ, ಲೇಖಕ ಎಮರ್ಸನ್ ಅವರ ಐದು ವರ್ಷದ ಮಗ ವಾಲ್ಡೋ ಕೆಂಪು ಜ್ವರದಲ್ಲಿ ಹೋದ.

ಮಾರ್ಚ್ 11ರಂದು ಥೋರೋ ಎಮರ್ಸನ್‌ಗೆ ಬರೆದರು. ಎಂಥ ಬಿರುಗಾಳಿಗೂ ಪ್ರಕೃತಿ ಅಲುಗುವುದಿಲ್ಲ, ಕಾಡಿನ ಮೂಲೆಯಲ್ಲಿ ಕೆಲವು ಕಡ್ಡಿ ಮುರಿಯುತ್ತವೆ ಅಷ್ಟೆ ಅನ್ನುವಂಥ ಮಾತು. ಮಗ ಸತ್ತವರಿಗೆ ಹೀಗೆ ಬರೆಯುವುದಾ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು. ಆದರೆ ಬರೆದವರ ತೋಳಿನಲ್ಲಿ ಯಾರು ಸತ್ತಿದ್ದರು ಅಂತ ಎಮರ್ಸನ್‌ಗೆ ಗೊತ್ತಿತ್ತು. ಈಗ ನಾನು ಹೇಳಿದ್ದರಿಂದ ನಿಮಗೂ ತಾರೀಖುಗಳು ಗೊತ್ತಾದವು. ಆದರೆ ಆ ಚಳಿಗಾಲದಲ್ಲಿ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದ್ದನ್ನು ಯಾವ ಅಡಿಟಿಪ್ಪಣಿ ಕೊಡುತ್ತದೆ?

ಅಮೆರಿಕದ ಕವಯಿತ್ರಿ ಎಮಿಲಿ ಡಿಕಿನ್ಸನ್ ವಿಷಯ ಇನ್ನೂ ಕಷ್ಟದ್ದು. 1883ರ ಅಕ್ಟೋಬರ್‌ನಲ್ಲಿ ಪಕ್ಕದ ಮನೆಯ ಅಣ್ಣನ ಮಗ, ಎಂಟು ವರ್ಷದ ಗಿಲ್ಬರ್ಟ್ ಟೈಫಾಯ್ಡ್‌ನಿಂದ ಹೋದ. ಅವನಿಗೆ ಗುಟ್ಟುಗಳೆಂದರೆ ಖುಷಿ ಅಂತ ಎಮಿಲಿ ಅತ್ತಿಗೆ ಸೂಸನ್‌ಗೆ ಬರೆದರು. ಯಾವ ಗುಟ್ಟು, ಯಾರ ಕಿವಿಯಲ್ಲಿ ಹೇಳಿದ್ದು ಅಂತ ಆ ತಾಯಿಗೆ ಬಿಡಿಸಿ ಹೇಳಬೇಕಿರಲಿಲ್ಲ.

1886ರಲ್ಲಿ ಎಮಿಲಿ ತೀರಿಕೊಂಡಾಗ, ಅಕ್ಕನ ಇಚ್ಛೆಯಂತೆ ತಂಗಿ ಲವಿನಿಯಾ ಅಕ್ಕನಿಗೆ ಬಂದ ಕಾಗದಗಳಲ್ಲಿ ಬಹುಪಾಲನ್ನು ಸುಟ್ಟರು. ಎಮಿಲಿ ಬೇರೆಯವರಿಗೆ ಬರೆದವು 1894ರಲ್ಲೇ ಪುಸ್ತಕವಾಗಿ ಹೊರಬರತೊಡಗಿದವು. ಅವು ಚೆಂದ, ನಿಜ. ಆದರೂ ಗಿಲ್ಬರ್ಟ್‌ನ ಹೆಸರಿರುವ ಆ ಪುಟ ಬಂದಾಗ, ಬಾಗಿಲು ತಟ್ಟದೆ ಒಳಗೆ ಬಂದೆನೇನೋ ಅನ್ನಿಸಿ ನಾನು ಪುಸ್ತಕ ಮುಚ್ಚಿಟ್ಟುಬಿಡುತ್ತೇನೆ.