ಸ್ಟೇಷನ್ ಪಕ್ಕ ಯಾರು ಇರಬೇಕು?

ನಿನ್ನೆ ರಾತ್ರಿ ನಮ್ಮ ಅಪಾರ್ಟ್‌ಮೆಂಟ್ ಸಂಘದ ಮೀಟಿಂಗ್ ಮುಗಿಸಿ ಮನೆಗೆ ಬಂದು ಮಲಗಿದರೂ ಸಿಟ್ಟು ಇಳಿಯಲಿಲ್ಲ. ಅದಕ್ಕೇ ಬರೀತಿದ್ದೀನಿ. ಉದ್ದ ಆಗುತ್ತೆ, ತಾಳ್ಮೆ ಇದ್ದವರು ಓದಿ.

ವಿಷಯ ಇಷ್ಟು. ಬೆಂಗಳೂರಿನ ನಮ್ಮ ವೈಟ್‌ಫೀಲ್ಡ್‌ನಲ್ಲಿ ಮೆಟ್ರೊ ಸ್ಟೇಷನ್ ಕಡೆ ಹೋಗುವ ರಸ್ತೆಯಲ್ಲಿ ಖಾಲಿ ಬಿದ್ದಿರುವ ಜಾಗದಲ್ಲಿ ಒಂದು ದೊಡ್ಡ ಕಟ್ಟಡ ಬರುತ್ತಂತೆ. ಕೆಳಗೆ ಅಂಗಡಿ, ಅದರ ಮೇಲೆ ಆಫೀಸು, ಅದಕ್ಕೂ ಮೇಲೆ ಒಂದು ರೂಮು, ಎರಡು ರೂಮಿನ ಸಣ್ಣ ಮನೆಗಳು. ಅದಕ್ಕೆ ಆಕ್ಷೇಪಣೆ ಬರೆದು ಎಲ್ಲರೂ ಸಹಿ ಹಾಕಿ ಅಂತ ಕಾಗದ ತಂದರು. ಯಾಕೆ ಬೇಡ ಅಂತ ಕೇಳಿದೆ. 'ಜನ ಜಾಸ್ತಿ ಆಗ್ತಾರೆ ಮೇಡಂ, ಎಂಥೆಂಥವರೋ ಬರ್ತಾರೆ' ಅಂದರು. ನಾನು ಸಹಿ ಹಾಕಲಿಲ್ಲ, ಹಾಕೋದೂ ಇಲ್ಲ.

ವೈಟ್‌ಫೀಲ್ಡ್‌ಗೆ ಜನ ಇನ್ನು ಮುಂದೆ ಬರಬೇಕಾ? ಬಂದಾಗಿದೆ. ನಲ್ಲೂರಹಳ್ಳಿ, ಪಟ್ಟಂದೂರು ಅಗ್ರಹಾರದ ಒಳಗೆ ಒಂದು ಸುತ್ತು ಹಾಕಿ ನೋಡಿ. ಪುಟ್ಟ ಪುಟ್ಟ ಸೈಟುಗಳಲ್ಲಿ ಮಹಡಿ ಮೇಲೆ ಮಹಡಿ ಎತ್ತಿದ ಪಿಜಿಗಳು, ಗಾಳಿ ಬೆಳಕಿಲ್ಲದ ರೂಮುಗಳು, ಎರಡು ಗೋಡೆ ನಡುವೆ ಕೈ ಚಾಚಲೂ ಜಾಗವಿಲ್ಲ. ಟೆಕ್ ಪಾರ್ಕುಗಳಿಗೆ ಬೆಳಿಗ್ಗೆ ಹೋಗುವ ಮಕ್ಕಳು ಅಲ್ಲೇ ಇರೋದು. ಅವರಿಗೆ ಕಾನೂನುಬದ್ಧವಾಗಿ ಒಂದು ಒಳ್ಳೆಯ ಸಣ್ಣ ಮನೆ, ಸ್ಟೇಷನ್‌ಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಸಿಗುತ್ತೆ ಅಂದರೆ ನಮಗೆ ಆಗುವ ನಷ್ಟ ಏನು?

ನಾನು ಮಾಲೂರು ಕಡೆಯವಳು ಅಂತ ನಿಮಗೆಲ್ಲ ಗೊತ್ತು. ಬಂಗಾರಪೇಟೆ, ಮಾಲೂರಿನಿಂದ ಬೆಳಗಿನ ರೈಲು ಹಿಡಿದು ವೈಟ್‌ಫೀಲ್ಡ್ ರೈಲ್ವೆ ಸ್ಟೇಷನ್‌ನಲ್ಲಿ ಇಳಿಯುವ ನಮ್ಮ ಕಡೆಯ ಜನರನ್ನು ಕಂಡೇ ಬೆಳೆದವಳು. ಈ ಆಫೀಸುಗಳ ನೆಲ ಒರೆಸೋರು, ಕ್ಯಾಂಟೀನಿನಲ್ಲಿ ತಟ್ಟೆ ತೊಳೆಯೋರು, ಗೇಟಿನಲ್ಲಿ ರಾತ್ರಿ ಪಾಳಿ ಮಾಡೋರಲ್ಲಿ ಅವರೂ ಇದ್ದಾರೆ. 'ಎಂಥೆಂಥವರೋ' ಅಂತ ನಿನ್ನೆ ಅಂದಿದ್ದು ಇವರನ್ನೇ. ಮೂವತ್ತು, ಐವತ್ತು ಕಿಲೋಮೀಟರ್ ದೂರದಿಂದ ಬಂದು ನಮ್ಮ ಮನೆ ಕೆಲಸ ಮುಗಿಸಿ ಹೋದರೆ ಸರಿ, ಪಕ್ಕದಲ್ಲೇ ಮನೆ ಮಾಡಿದರೆ ತಪ್ಪು ಅನ್ನೋ ಮಾತನ್ನು ನಾನು ಒಪ್ಪಲ್ಲ.

ಇನ್ನೊಂದು ಹೇಳಬೇಕು. ನಮ್ಮ ಕಾಂಪೌಂಡಿಗೆ ಹಿಂದುಗಡೆ ಒಂದು ಸಣ್ಣ ಗೇಟಿದೆ. ಅದು ತೆಗೆದಿದ್ದರೆ ಸ್ಟೇಷನ್ ರಸ್ತೆ ಹತ್ತು ಹೆಜ್ಜೆ. ಭದ್ರತೆ ನೆಪ ಹೇಳಿ ಅದಕ್ಕೆ ಬೀಗ ಹಾಕಿಟ್ಟಿದ್ದಾರೆ. ನಮ್ಮ ಮನೆಗೆ ಅಡುಗೆಗೆ ಬರುವ ಅಕ್ಕ ಮಂಡಿನೋವು ಇಟ್ಟುಕೊಂಡು ಕಾಂಪೌಂಡ್ ಗೋಡೆ ಉದ್ದಕ್ಕೂ ಬಳಸಿ ಬರ್ತಾರೆ. ಅಲ್ಲಿ ಫುಟ್‌ಪಾತ್ ಅಂತ ಇರೋದು ಚರಂಡಿ ಮೇಲಿನ ಕಲ್ಲುಚಪ್ಪಡಿ. ಒಂದು ಕಡೆ ಚಪ್ಪಡಿ ಮುರಿದು, ಯಾರೋ ಪುಣ್ಯಾತ್ಮರು ಅದರೊಳಗೆ ಮರದ ಕೊಂಬೆ ನಿಲ್ಲಿಸಿದ್ದಾರೆ, ಬೀಳದಿರಲಿ ಅಂತ. ಅಲ್ಲಿಗೆ ಬಂದಾಗ ಆಕೆ ರಸ್ತೆಗೆ ಇಳೀತಾರೆ, ಹಿಂದಿನಿಂದ ನೀರಿನ ಟ್ಯಾಂಕರ್ ಹಾರ್ನ್ ಹೊಡೀತಾ ಬರುತ್ತೆ. ನಮ್ಮವರೋ, ಗೇಟಿಗೆ ಬೀಗ ಬಿದ್ದ ಮೇಲೆ ಸ್ಟೇಷನ್‌ಗೂ ಆಟೊ ಬುಕ್ ಮಾಡ್ತಾರೆ. ಆಮೇಲೆ ಅದೇ ಬಾಯಲ್ಲಿ ಟ್ರಾಫಿಕ್ ಅಂತಾರೆ!

ಹೋಪ್‌ಫಾರ್ಮಿನಿಂದ ಕುಂದಲಹಳ್ಳಿವರೆಗೂ ಇದೇ ಕಥೆ. ಗೋಡೆ, ಗೋಡೆ, ಗೋಡೆ. ಟೆಕ್ ಪಾರ್ಕಿಗೆ ಒಂದು, ಅಪಾರ್ಟ್‌ಮೆಂಟಿಗೆ ಇನ್ನೊಂದು. ಮೆಟ್ರೊ ಮೇಲೆ ಓಡುತ್ತೆ, ಕೆಳಗೆ ನಡೆಯೋಕೆ ದಾರಿ ಇಲ್ಲ. 2023ರ ಮಾರ್ಚ್ 25ಕ್ಕೆ ಕೆ.ಆರ್.ಪುರದಿಂದ ಕಾಡುಗೋಡಿಗೆ ರೈಲು ಬಂತು, ಬೈಯಪ್ಪನಹಳ್ಳಿ ಕಡೆ ಉಳಿದಿದ್ದ ತುಂಡು ಅದೇ ಅಕ್ಟೋಬರ್‌ನಲ್ಲಿ ಸೇರಿತು. ಅದಕ್ಕೆ ವರ್ಷಗಟ್ಟಲೆ ಧೂಳು ಕುಡಿದವರು ನಾವು. ಅಷ್ಟು ಸಾರ್ವಜನಿಕರ ದುಡ್ಡು ಸುರಿದು ಕಟ್ಟಿದ ಸ್ಟೇಷನ್ ಪಕ್ಕದ ಜಾಗವನ್ನು ಕಾರಿಟ್ಟುಕೊಂಡವರಿಗೇ ಮೀಸಲಿಟ್ಟರೆ ಆ ರೈಲು ಹತ್ತೋರು ಯಾರು?

ಕೆಳಗೆ ಅಂಗಡಿ, ಮೇಲೆ ಮನೆ ಇಟ್ಟರೆ ಏರಿಯಾ ಕೆಟ್ಟುಹೋಗುತ್ತೆ ಅಂದರು ಒಬ್ಬರು. ಚಿಕ್ಕಪೇಟೆ, ಬಳೇಪೇಟೆ, ಅವೆನ್ಯೂ ರಸ್ತೆ ಬೆಳೆದಿದ್ದು ಹಾಗೇ ಅಲ್ಲವಾ? ಮುಂದೆ ಅಂಗಡಿ, ಹಿಂದೆಯೋ ಮೇಲೆಯೋ ಸಂಸಾರ, ಬೀದಿ ಕೊನೆಗೆ ಗುಡಿ. ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲಿ ಓಡಾಡಿ, ಹೂವು ತರಕಾರಿ ತಗೊಂಡು, ಕಾಫಿ ಕುಡಿದು, ಎಷ್ಟು ಚೆನ್ನಾಗಿದೆ ಅಂತ ಫೋಟೊ ಹಾಕೋರೂ ಇವರೇ. ಅಂಥದ್ದೇ ಬೀದಿ ನಮ್ಮ ಮನೆ ಪಕ್ಕ ಬಂದರೆ ಮಾತ್ರ ಆಕ್ಷೇಪಣೆ.

ಇಲ್ಲಿನ ಐಟಿಪಿಎಲ್ ಅನ್ನೋ ಟೆಕ್ ಪಾರ್ಕ್ 1994ರಲ್ಲಿ ಶುರುವಾದಾಗ ಅದರಲ್ಲಿ ಸಿಂಗಪುರದವರ ಪಾಲಿತ್ತು, ಟಾಟಾ ಮತ್ತು ನಮ್ಮ ರಾಜ್ಯ ಸರ್ಕಾರದ ಜೊತೆ. ಅವರ ದೇಶದಲ್ಲಿ ಹತ್ತರಲ್ಲಿ ಸುಮಾರು ಎಂಟು ಜನ ಸರ್ಕಾರ ಕಟ್ಟಿಸಿದ ಎತ್ತರದ ವಸತಿ ಕಟ್ಟಡಗಳಲ್ಲೇ ಇರೋದು. ಆ ಬಡಾವಣೆಗಳನ್ನು ರೈಲು, ಬಸ್ಸು ಹತ್ತಿರ ಸಿಗುವ ಹಾಗೆ ಯೋಜನೆ ಮಾಡಿದ್ದಾರೆ, ಅಗ್ಗದ ಊಟದಂಗಡಿಗಳೂ ಅಲ್ಲೇ. ನಾವು ಅವರಿಂದ ಗಾಜಿನ ಕಟ್ಟಡ ತಗೊಂಡು, ವಸತಿಯನ್ನು ಅಲ್ಲೇ ಬಿಟ್ಟು ಬಂದೆವು.

ನೀರು ಎಲ್ಲಿದೆ ಅಂತ ಕೇಳಿದರು. ಇದು ನ್ಯಾಯವಾದ ಪ್ರಶ್ನೆ. 2024ರ ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕಾದ ದಿನಗಳನ್ನು ನಾನು ಮರೆತಿಲ್ಲ. ಆ ವರ್ಷ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆ ಆಯಿತು, ನಗರಕ್ಕೆ ಆಮೇಲೆ ಸೇರಿದ 110 ಹಳ್ಳಿಗಳಿಗೆ ಅಂತ ದಿನಕ್ಕೆ 77.5 ಕೋಟಿ ಲೀಟರ್ ನೀರಿನ ಯೋಜನೆ. ಆದರೂ ಮನೆಮನೆಗೆ ಸಂಪರ್ಕ, ಒಳಚರಂಡಿ ಎಲ್ಲ ಸರಿಯಾಗಬೇಕು, ಅದನ್ನು ಜಗಳ ಆಡಿ ಕೇಳೋಣ, ನಾನೂ ಬರ್ತೀನಿ. ಆದರೆ ಸ್ಟೇಷನ್ ಪಕ್ಕ ಮನೆ ಸಿಗದ ಮನುಷ್ಯ ಸರ್ಜಾಪುರಕ್ಕೋ ಹೊಸಕೋಟೆಗೋ ಹೋದರೆ ನೀರು ಕುಡಿಯೋದು ಬಿಡ್ತಾನಾ? ಅಲ್ಲೊಂದು ಬೋರ್‌ವೆಲ್ ಕೊರೆಸ್ತಾನೆ, ಪೈಪ್ ಇನ್ನಷ್ಟು ದೂರ ಎಳೀಬೇಕು, ಮೇಲೆ ದಿನಾ ಬೈಕಿನಲ್ಲಿ ಇಲ್ಲಿಗೇ ಬರ್ತಾನೆ. ನೀರಿಲ್ಲದ ಈ ಜಾಗದಲ್ಲಿ ನೂರಾರು ಫ್ಲ್ಯಾಟ್, ಈಜುಕೊಳ ಕಟ್ಟಿಕೊಂಡು ಮೊದಲು ಕೂತವರು ನಾವು. ಆಗ ಯಾರೂ ನೀರಿನ ಮಾತು ಎತ್ತಲಿಲ್ಲ.

ಬಿಲ್ಡರ್ ಪರ ಮಾತಾಡ್ತಿದ್ದೀಯಾ ಅಂತಲೂ ಕೇಳಿಸಿಕೊಂಡೆ. ಇಲ್ಲ. 2007ರಲ್ಲಿ ಒಪ್ಪಿಗೆಯಾದ ಬೆಂಗಳೂರಿನ ಮಾಸ್ಟರ್ ಪ್ಲಾನ್‌ನಲ್ಲೇ ಮೆಟ್ರೊ ನಿಲ್ದಾಣದ 150 ಮೀಟರ್ ಒಳಗೆ ಎಫ್‌ಎಆರ್ 4 ಅಂತಿದೆ, ಅಂದರೆ ಸೈಟಿನ ಅಳತೆಯ ನಾಲ್ಕು ಪಟ್ಟು ಕಟ್ಟಬಹುದು. ಎತ್ತರಕ್ಕೆ ಬಿಟ್ಟರು, ಬದಲಿಗೆ ಏನು ಕೇಳಿದರು? ಸಣ್ಣ ಮನೆ ಕೇಳಲಿಲ್ಲ. ಬೀದಿ ಕಡೆ ಬಾಗಿಲು ಕೇಳಲಿಲ್ಲ. ಕಾರ್ ಪಾರ್ಕಿಂಗ್ ಮಾತ್ರ ಕಡ್ಡಾಯ, ಆಫೀಸಿಗೂ ಅಂಗಡಿಗೂ ಫ್ಲ್ಯಾಟಿಗೂ ಚದರ ಮೀಟರ್ ಲೆಕ್ಕದಲ್ಲಿ. ಬೇಸ್‌ಮೆಂಟ್ ಅಗೆದ ಖರ್ಚೆಲ್ಲ ಮನೆ ಬೆಲೆಗೆ ಸೇರುತ್ತೆ, ಕಾರೇ ಇಲ್ಲದವನೂ ಅದನ್ನು ಕಟ್ಟಬೇಕು. ಕೇಂದ್ರ ಸರ್ಕಾರದ 2017ರ ನೀತಿ ನಿಲ್ದಾಣದ ಸುತ್ತ 500ರಿಂದ 800 ಮೀಟರ್‌ವರೆಗೆ ಒತ್ತೊತ್ತಾಗಿ ಕಟ್ಟಿ, ಎಲ್ಲ ವರ್ಗದವರಿಗೂ ಜಾಗ ಕೊಡಿ ಅನ್ನುತ್ತೆ. ನಮ್ಮ ಸಂಘ ಆಕ್ಷೇಪಣೆ ಬರೆಯೋದಾದರೆ ಇದನ್ನು ಬರೆಯಲಿ: ಕಟ್ಟಿ, ಎತ್ತರಕ್ಕೇ ಕಟ್ಟಿ, ಆದರೆ ಗೋಡೆ ಬೇಡ, ಪಾರ್ಕಿಂಗ್ ಕಡಿಮೆ ಮಾಡಿ, ಇಷ್ಟು ಮನೆ ಅಂತ ಕಡಿಮೆ ಬಾಡಿಗೆಗೆ ಮೀಸಲಿಡಿ. ಅದಕ್ಕೆ ಮೊದಲ ಸಹಿ ನನ್ನದೇ.

ನನ್ನ ಫ್ಲ್ಯಾಟಿನ ಮೇಲೂ ಸಾಲ ಇದೆ. ಸುತ್ತ ಮನೆಗಳು ಕಡಿಮೆ ಇದ್ದಷ್ಟೂ ನನ್ನ ಮನೆ ಬೆಲೆ ಏರುತ್ತೆ, ಅದು ನನಗೂ ಗೊತ್ತು. ಮೀಟಿಂಗ್‌ನಲ್ಲಿ ಯಾರೂ ಬಾಯಿಬಿಟ್ಟು ಹೇಳದ ಕಾರಣ ಅದೇ ಅಂತ ನನ್ನ ಅನುಮಾನ. ಆ ಬೆಲೆಗಾಗಿ ಇನ್ನೊಬ್ಬರು ಬೆಳಗಿನ ಜಾವ ಎದ್ದು ಊರು ಬಿಟ್ಟು ಬರಬೇಕಾದರೆ ಅದು ನನಗೆ ಬೇಡ.

ಖಾಸಗಿಯವರ ಜಾಗ ಬಿಡಿ, ಸರ್ಕಾರದ ಜಾಗದಲ್ಲೂ ನಾವು ಇದನ್ನು ಮಾಡಿಲ್ಲ. ಶಾಂತಿನಗರದಲ್ಲಿ ಸಿಟಿ ಬಸ್ ಓಡಿಸುವ ಬಿಎಂಟಿಸಿಯವರು ಬಸ್ ನಿಲ್ದಾಣದ ಮೇಲೆ ಮಹಡಿಗಳನ್ನು ಎತ್ತಿ ಆಫೀಸುಗಳಿಗೆ ಬಾಡಿಗೆ ಕೊಟ್ಟಿದ್ದಾರೆ. ಬಸ್ಸಿನ ತಲೆ ಮೇಲೆ ಆಫೀಸು ಇರಬಹುದಾದರೆ ಮನೆ ಯಾಕಿರಬಾರದು? ಈ ಕಡೆ ಡಿಪೊ, ನಿಲ್ದಾಣ ಕಟ್ಟುವಾಗ ಮೇಲಿನ ನಾಲ್ಕು ಮಹಡಿ ಬಾಡಿಗೆ ಮನೆಗಳಿಗೆ ಇಡಿ ಅಂತ ಕೇಳುವ ಪತ್ರವನ್ನು ಇವತ್ತು ಬೆಳಿಗ್ಗೆಯೇ ಬರೆದೆ. ಜೊತೆಗೆ ಸಹಿ ಹಾಕೋರು ಇನ್‌ಬಾಕ್ಸಿಗೆ ಬನ್ನಿ, ಶನಿವಾರ ತಲುಪಿಸ್ತೀನಿ.